ಉದ್ರಿ ಪುಸ್ತಕ ಮತ್ತು ನಿಮ್ಮ ಬಜೆಟ್ ಪುಸ್ತಕ

ಗೆ,
ಮಾನ್ಯ ಹಣಕಾಸು ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ದಾವಣಗೆರೆಯ ಮಂಡಿಪೇಟೆ ಪಕ್ಕದ ಓಣಿಯೊಂದರಲ್ಲಿ ಕೂತು ವರ್ತಕರ ಜಿಎಸ್‌ಟಿ ಲೆಕ್ಕ ಸಲ್ಲಿಸಿಕೊಡುವುದು ನನ್ನ ಕಸುಬು. ಸಿಮೆಂಟು-ಕಬ್ಬಿಣದ ಅಂಗಡಿಯವರು, ಗೊಬ್ಬರದವರು, ಬಟ್ಟೆಯವರು, ಬೈಕ್ ಮಾರುವವರು, ಅಕ್ಕಿ ಗಿರಣಿಯವರು, ಒಂದಿಷ್ಟು ಸಣ್ಣ ಗುತ್ತಿಗೆದಾರರು ನನ್ನ ಕಡೆ ಬರುತ್ತಾರೆ. ಪ್ರತಿ ತಿಂಗಳ 20ನೇ ತಾರೀಖು ಹಿಂದಿನ ತಿಂಗಳ ಜಿಎಸ್‌ಟಿಆರ್-3ಬಿ ಎಂಬ ಲೆಕ್ಕಪತ್ರ ಸಲ್ಲಿಸಲು ಕೊನೆಯ ದಿನ. ಆ ರಾತ್ರಿ ಹತ್ತು ಗಂಟೆ ಹೊತ್ತಿಗೆ ಊರಿನಲ್ಲಿ ಯಾರ ವ್ಯಾಪಾರ ಏರಿದೆ, ಯಾರದ್ದು ಇಳಿದಿದೆ ಎಂಬುದು ನನಗೆ ಗೊತ್ತಾಗಿರುತ್ತದೆ. ನಿಮ್ಮ ಆರ್ಥಿಕ ಸಮೀಕ್ಷೆ ಅದನ್ನು ಹೇಳುವ ಹೊತ್ತಿಗೆ ಇನ್ನೊಂದು ಬೆಳೆ ಬಂದಿರುತ್ತದೆ.

2025ರ ಡಿಸೆಂಬರ್ 20ರಂದು ಕಂಡದ್ದನ್ನು ಹೇಳಿ ಪತ್ರ ಶುರುಮಾಡುತ್ತೇನೆ. ಮೆಕ್ಕೆಜೋಳದ ಸುಗ್ಗಿ ಜೋರಾಗಿದ್ದ ನವೆಂಬರ್ ತಿಂಗಳ ಲೆಕ್ಕ ಅದು. ಮೆಕ್ಕೆಜೋಳ ಮಾರಿದ ರೊಕ್ಕದ ಮೇಲೆಯೇ ನಮ್ಮ ಊರಿನ ಅರ್ಧ ಅಂಗಡಿಗಳು ನಿಂತಿವೆ. ಕಾಳು ಮಾರಿದ ಮರುವಾರ ತಗಡು, ಪೈಪು, ಸಿಮೆಂಟು, ಮಗಳ ಮದುವೆ ಜವಳಿ, ಬೈಕಿನ ಮುಂಗಡ ಎಲ್ಲ ಸಾಲಾಗಿ ಬರಬೇಕು. ಬರಲಿಲ್ಲ. ಗೊಬ್ಬರದ ಅಂಗಡಿಯವರೊಬ್ಬರು ಬಿಲ್ಲಿನ ಕಟ್ಟು ನನ್ನ ಮೇಜಿನ ಮೇಲಿಟ್ಟು ಅಂದರು: "ಅಕ್ಕಾ, ಈ ಸಲ ಮಳೆ ಚಲೋ, ಬೆಳೆ ಚಲೋ, ಡ್ಯಾಮ್ ತುಂಬೈತಿ. ರೊಕ್ಕ ಎಲ್ಲಿಗೆ ಹೋತು ಗೊತ್ತಾಗ್ತಿಲ್ಲ ನೋಡ್ರಿ."

ರೊಕ್ಕ ಎಲ್ಲಿಗೂ ಹೋಗಿರಲಿಲ್ಲ, ಹುಟ್ಟಿಯೇ ಇರಲಿಲ್ಲ. 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಸುಗ್ಗಿಯಲ್ಲಿ ಇಲ್ಲಿ ರೈತನ ಕೈಗೆ ಸಿಕ್ಕಿದ್ದು ಎರಡು ಸಾವಿರದೊಳಗೆ. ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿದು ಚೀಲದ ಬೆಲೆ ತಗ್ಗಿತ್ತು. ಆದರೂ ಹಳ್ಳಿಯ ಮನೆಗಳ ಪಾಯ ಪಾಯದಲ್ಲೇ ನಿಂತಿದ್ದವು. ಸರಕು ಅಗ್ಗವಾದರೆ ಮಾತ್ರ ಸಾಲದು, ಕೊಳ್ಳುವವನ ಜೇಬಿನಲ್ಲೂ ಏನಾದರೂ ಇರಬೇಕಲ್ಲ.

ಮಾರ್ಚಿನಲ್ಲಿ ನೀವು ಮಂಡಿಸುವ ಬಜೆಟ್ಟಿಗೂ ಈ ಸಂಗತಿಗೂ ಇರುವ ಸಂಬಂಧದ ಬಗ್ಗೆ ನಾನು ಬರೆಯಬೇಕೆಂದಿದ್ದೇನೆ. ಹೊಸ ಯೋಜನೆ ಕೇಳುವವರ ಸಾಲು ನಿಮ್ಮ ಬಾಗಿಲಲ್ಲಿ ಈಗಾಗಲೇ ಉದ್ದವಿದೆ, ಅದರಲ್ಲಿ ನಾನಿಲ್ಲ. ಖರ್ಚಿನ ಹೊತ್ತನ್ನು ಬದಲಿಸಿ ಎಂಬುದಷ್ಟೇ ನನ್ನ ಅರ್ಜಿ. ರಾಜ್ಯದ ಬಜೆಟ್ ಒಳ್ಳೆಯ ವರ್ಷದಲ್ಲಿ ನಮ್ಮ ಜೊತೆ ಕುಣಿಯುತ್ತದೆ, ಕೆಟ್ಟ ವರ್ಷದಲ್ಲಿ ನಮ್ಮ ಜೊತೆಗೇ ಮುದುಡಿ ಕೂರುತ್ತದೆ. ಇದು ತಿರುವುಮುರುವಾಗಬೇಕು.

ನಮ್ಮಪ್ಪನದು ಸಣ್ಣ ಹಾರ್ಡ್‌ವೇರ್ ಅಂಗಡಿ. ಗಲ್ಲಾಪೆಟ್ಟಿಗೆಯ ಪಕ್ಕ ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಉದ್ರಿ ಪುಸ್ತಕ ಇರುತ್ತಿತ್ತು. ನಾನು ಬಿ.ಕಾಂ ಓದುವಾಗ ಅದರ ಮೊತ್ತ ಕೂಡುವುದು ನನ್ನ ಪಾಲಿನ ಕೆಲಸ. ಮಳೆ ಕೈಕೊಟ್ಟ ವರ್ಷ ಪುಸ್ತಕ ದಪ್ಪವಾಗುತ್ತಿತ್ತು. ಬೆಳೆ ಬಂದ ವರ್ಷ ಒಂದೊಂದೇ ಹೆಸರಿನ ಮೇಲೆ ಅಡ್ಡಗೆರೆ ಬೀಳುತ್ತಿತ್ತು. ಮಾರ್ಚ್ ಕೊನೆಗೆ ಬಾಕಿ ಎಷ್ಟಿದೆ ಎಂದು ಅಪ್ಪ ಎಂದೂ ಗಾಬರಿಪಟ್ಟವರಲ್ಲ. "ಒಂದ್ ವರ್ಷದ್ದು ನೋಡಬ್ಯಾಡ, ನಾಲ್ಕೈದು ವರ್ಷದ್ದು ಒಟ್ಟಿಗೆ ನೋಡು" ಅನ್ನುತ್ತಿದ್ದರು. ಆದರೆ ಒಳ್ಳೆಯ ಸುಗ್ಗಿಯಲ್ಲೂ ಹಳೆ ಬಾಕಿ ತೀರಿಸದವನಿಗೆ ಮುಂದಿನ ಬರದಲ್ಲಿ ಅಂಗಡಿಯ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. ಕಷ್ಟದಲ್ಲಿ ಕೊಡಬೇಕು, ಸುಗ್ಗಿಯಲ್ಲಿ ವಸೂಲು ಮಾಡಬೇಕು. ಒಂದನ್ನು ಬಿಟ್ಟು ಒಂದು ಮಾಡಿದರೆ ಅಂಗಡಿ ಉಳಿಯುವುದಿಲ್ಲ ಎಂಬುದು ಅವರ ಲೆಕ್ಕ.

1930ರ ದಶಕದ ಮಹಾಕುಸಿತದಲ್ಲಿ ಕೇನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಸರ್ಕಾರಗಳಿಗೆ ಹೇಳಿದ್ದೂ ಹೆಚ್ಚೂಕಡಿಮೆ ಇದನ್ನೇ. ಖಜಾನೆ ಕೈ ಬಿಗಿಹಿಡಿಯಬೇಕಾದದ್ದು ವ್ಯಾಪಾರ ಭರಾಟೆಯಲ್ಲಿದ್ದಾಗ, ಬಿದ್ದಾಗ ಅಲ್ಲ ಎಂದರು. ಅಪ್ಪ ಕೇನ್ಸ್ ಹೆಸರು ಕೇಳಿದವರಲ್ಲ.

ಆದರೆ ಅಪ್ಪನ ಪುಸ್ತಕಕ್ಕೆ ಒಂದು ಮಿತಿ ಇತ್ತು. ಹತ್ತು ಗಿರಾಕಿಗಳಿಗೆ ಕಷ್ಟ ಬಂದರೆ ಅವರು ತಡೆದುಕೊಳ್ಳುತ್ತಿದ್ದರು. ಇಡೀ ತಾಲ್ಲೂಕಿಗೆ ಬಂದರೆ ಅವರೂ ಮುಳುಗುತ್ತಿದ್ದರು, ಏಕೆಂದರೆ ಹುಬ್ಬಳ್ಳಿಯ ಸಗಟು ವ್ಯಾಪಾರಿ ಅದೇ ಹೊತ್ತಿಗೆ ನಗದು ಕೇಳುತ್ತಿದ್ದ, ಬ್ಯಾಂಕು ಅದೇ ಹೊತ್ತಿಗೆ ಓವರ್‌ಡ್ರಾಫ್ಟ್ ಸಾಲದ ಮಿತಿ ಇಳಿಸುತ್ತಿತ್ತು. ಎಲ್ಲರೂ ಒಟ್ಟಿಗೆ ಮುಷ್ಟಿ ಬಿಗಿದರೆ ಎಲ್ಲರ ಕೈಯೂ ಖಾಲಿಯಾಗುತ್ತದೆ. ನಾನು ಖರ್ಚು ಮಾಡಿದ ರೂಪಾಯಿಯೇ ಎದುರು ಅಂಗಡಿಯವನ ಆದಾಯ. ನಾನು ಉಳಿಸಿದೆ ಎಂದರೆ ಅವನಿಗೆ ಬರಲಿಲ್ಲ ಎಂದರ್ಥ. ಅಂಥ ಹೊತ್ತಿನಲ್ಲಿ ಮುಷ್ಟಿ ಬಿಚ್ಚಬಲ್ಲವರು ಊರಿನಲ್ಲಿ ಯಾರೂ ಉಳಿದಿರುವುದಿಲ್ಲ. ಸರ್ಕಾರಕ್ಕೆ ಮಾತ್ರ ಆ ಶಕ್ತಿ ಇರುತ್ತದೆ, ಅದು ಸಾಯುವುದಿಲ್ಲ, ನಾಳೆಯೂ ತೆರಿಗೆ ಎತ್ತುತ್ತದೆ ಎಂಬ ನಂಬಿಕೆಯಿಂದ ಸಾಲ ಸಿಗುತ್ತದೆ.

ಇದನ್ನು ನೋಡಲು ದೂರ ಹೋಗಬೇಕಿಲ್ಲ. 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಉತ್ಪನ್ನ ಹಿಂದಿನ ವರ್ಷಕ್ಕಿಂತ ಸುಮಾರು ಕಾಲು ಭಾಗ ಕುಸಿಯಿತು. ಜಗಳೂರು, ಮೊಳಕಾಲ್ಮುರು, ಚಳ್ಳಕೆರೆ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರು ಮೂಟೆ ಹೊತ್ತು ಊರಿಗೆ ಬಂದರು. ಅವರನ್ನು ಹಿಡಿದು ನಿಲ್ಲಿಸಿದ್ದು ಉದ್ಯೋಗ ಖಾತರಿ ಮತ್ತು ಪಡಿತರ. ಆ ವರ್ಷ ಖಾತರಿಗೆ ಕೇಂದ್ರ ಮೊದಲು ಇಟ್ಟಿದ್ದು 61,500 ಕೋಟಿ; ಆಮೇಲೆ 40,000 ಕೋಟಿ ಸೇರಿಸಿತು. ಕೇಂದ್ರದ ವಿತ್ತೀಯ ಕೊರತೆ, ಅಂದರೆ ಆದಾಯ ಮೀರಿದ ಖರ್ಚು, ಜಿಡಿಪಿಯ ನೂರಕ್ಕೆ 9.2ರಷ್ಟಕ್ಕೆ ಏರಿತು. ಏರಲೇಬೇಕಿತ್ತು, ಆ ವರ್ಷ ಕೊರತೆ ಏರದಿದ್ದರೆ ಹೊಟ್ಟೆಗಳು ಬರಿದಾಗುತ್ತಿದ್ದವು.

ಅದೇ ವರ್ಷ ಅದೇ ಸರ್ಕಾರಗಳು ಇನ್ನೊಂದು ಕೈಯಲ್ಲಿ ಏನು ಮಾಡಿದವು ಎಂಬುದನ್ನೂ ಹೇಳಬೇಕು. ಮಾರ್ಚಿನ ರಾಜ್ಯ ಬಜೆಟ್ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ನೂರಕ್ಕೆ 21ರಿಂದ 24ಕ್ಕೆ, ಪೆಟ್ರೋಲಿನದನ್ನು 32ರಿಂದ 35ಕ್ಕೆ ಏರಿಸಿತು. ಮೇ ತಿಂಗಳಲ್ಲಿ ಕೇಂದ್ರ ಡೀಸೆಲ್ ಮೇಲೆ ಲೀಟರಿಗೆ 13 ರೂಪಾಯಿ ಸುಂಕ ಸೇರಿಸಿತು. ನೌಕರರ ತುಟ್ಟಿಭತ್ಯೆಯನ್ನು ಒಂದೂವರೆ ವರ್ಷ ತಡೆಹಿಡಿಯಲಾಯಿತು. ಚಿತ್ರದುರ್ಗದ ಲಾರಿ ಮಾಲೀಕನಿಗೆ ಬಾಡಿಗೆಯೇ ಇಲ್ಲದ ವರ್ಷ ಅದು. ಜಗತ್ತಿನಲ್ಲಿ ಕಚ್ಚಾ ತೈಲ ಅಗ್ಗವಾದ ಲಾಭ ಅವನ ಟ್ಯಾಂಕಿಗೆ ಬರುವ ಮೊದಲೇ ಖಜಾನೆಗೆ ಹೋಯಿತು. ಒಂದು ಕೈ ನೀರು ಹಾಕಿತು, ಇನ್ನೊಂದು ಬುಡ ಅಗೆಯಿತು.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ನೀವು ಹೆಲಿಕಾಪ್ಟರಿನಿಂದಾದರೂ ನೋಡಿರುತ್ತೀರಿ. ಅದಕ್ಕೆ ಸಿದ್ಧನ ತೂಬು, ಬಸವನ ತೂಬು ಎಂದು ಎರಡು ತೂಬುಗಳು. ಯಾರೋ ಹೋಗಿ ಎತ್ತಿದರೆ ಮಾತ್ರ ತೂಬಿನಿಂದ ನೀರು ಬರುತ್ತದೆ. ಕೆರೆಯ ಕೆಳಗಿನ ಬಾವಿಗಳ ಮಾತು ಬೇರೆ. ಮೇಲೆ ನೀರು ನಿಂತಿರುವಷ್ಟು ಕಾಲ ಅವುಗಳಲ್ಲಿ ಒರತೆ ತಾನೇ ಜಿನುಗುತ್ತದೆ, ಯಾರ ಅಪ್ಪಣೆಯೂ ಬೇಡ. ಬಜೆಟ್ಟಿನಲ್ಲೂ ಈ ಎರಡು ಬಗೆ ಇವೆ. ಉತ್ತೇಜನ ಪ್ಯಾಕೇಜು, ವಿಶೇಷ ಅನುದಾನ ಇವೆಲ್ಲ ತೂಬು. ಒರತೆಯಂತೆ ತಾನಾಗಿ ನಡೆಯುವವು ಬೇರೆ: ಆದಾಯ ಇಳಿದರೆ ಆದಾಯ ತೆರಿಗೆ ತಾನೇ ಇಳಿಯುತ್ತದೆ, ಮಾರಾಟ ಇಳಿದರೆ ಜಿಎಸ್‌ಟಿ ತಾನೇ ಇಳಿಯುತ್ತದೆ, ಕೆಲಸವಿಲ್ಲದವರು ಹೆಚ್ಚಾದರೆ ಉದ್ಯೋಗ ಖಾತರಿಯ ಖರ್ಚು ತಾನೇ ಏರುತ್ತದೆ. ಅರ್ಥಶಾಸ್ತ್ರದವರು ಇವನ್ನು ಸ್ವಯಂಚಾಲಿತ ಸ್ಥಿರಕಾರಕ ಎನ್ನುತ್ತಾರೆ. ಹೆಸರು ಬಾಯಲ್ಲಿ ತಿರುಗುವುದಿಲ್ಲ, ಒರತೆ ಎಂದೇ ಕರೆಯೋಣ.

ಒರತೆಗಳು ನಮ್ಮಲ್ಲಿ ಬಲು ಕ್ಷೀಣ. ನನ್ನ ಗಿರಾಕಿಗಳಲ್ಲಿ ವ್ಯಾಪಾರ ಅರ್ಧಕ್ಕಿಳಿದವರ ಜಿಎಸ್‌ಟಿ ಇಳಿದದ್ದು ನಿಜ. ಆದರೆ ವಿದ್ಯುತ್ತಿನ ನಿಗದಿತ ಶುಲ್ಕ ಇಳಿಯಲಿಲ್ಲ, ವ್ಯಾಪಾರ ಪರವಾನಗಿ ಶುಲ್ಕ ಇಳಿಯಲಿಲ್ಲ, ಆಸ್ತಿ ತೆರಿಗೆ ಇಳಿಯಲಿಲ್ಲ. ಅಕ್ಕಿ ಗಿರಣಿಯ ಮೋಟಾರು ನಿಂತಿದ್ದರೂ ಮೀಟರಿನ ಬಾಡಿಗೆ ಓಡುತ್ತದೆ. ಕೂಲಿಯವನಿಗಂತೂ ಆದಾಯ ತೆರಿಗೆಯ ಸೋಂಕೇ ಇಲ್ಲ, ಅದು ಇಳಿದರೇನು ಏರಿದರೇನು. ಅವನ ಪಾಲಿಗೆ ಇದ್ದ ಒಂದೇ ಒರತೆ ಉದ್ಯೋಗ ಖಾತರಿ. 2006ರ ಫೆಬ್ರುವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಅದು ಮೊದಲು ಆರಂಭವಾದಾಗ ಕರ್ನಾಟಕದ ಐದು ಜಿಲ್ಲೆಗಳು ಆ ಪಟ್ಟಿಯಲ್ಲಿದ್ದವು. ಅದರಲ್ಲಿ ಎರಡು ನಮ್ಮವೇ, ದಾವಣಗೆರೆ ಮತ್ತು ಚಿತ್ರದುರ್ಗ. ಕೂಲಿ ತಡವಾಗುತ್ತಿತ್ತು, ಹಾಜರಿಯಲ್ಲಿ ಸುಳ್ಳು ಹೆಸರು ಸೇರುತ್ತಿತ್ತು, ಎಲ್ಲ ಒಪ್ಪುತ್ತೇನೆ. ಆದರೂ ಅದರ ಮೂಲ ಗುಣ ದೊಡ್ಡದಿತ್ತು: ಕೆಲಸ ಕೇಳಿದವರಿಗೆ ಕೊಡಬೇಕು, ಕೇಳುವವರು ಹೆಚ್ಚಾದರೆ ಕೇಂದ್ರದ ಖರ್ಚು ಹೆಚ್ಚಬೇಕು.

2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸ ಕಾಯ್ದೆ ತಂದಿದೆ. ದಿನಗಳು 100ರಿಂದ 125ಕ್ಕೆ ಏರಿವೆ. ಆದರೆ ಖರ್ಚಿನಲ್ಲಿ ರಾಜ್ಯದ ಪಾಲು ಈಗ ನೂರಕ್ಕೆ 40. ಮೇಲಾಗಿ ಯಾವ ರಾಜ್ಯಕ್ಕೆ ಎಷ್ಟು ಎಂದು ಕೇಂದ್ರ ಮೊದಲೇ ಗೊತ್ತುಮಾಡುತ್ತದೆ, ಅದನ್ನು ಮೀರಿದ್ದೆಲ್ಲ ರಾಜ್ಯದ ತಲೆಗೆ. ಇದರ ಪರ-ವಿರೋಧ ರಾಜಕೀಯ ನಿಮಗೇ ಬಿಟ್ಟದ್ದು. ಲೆಕ್ಕದವಳಾಗಿ ನನಗೆ ಕಾಣುವುದು ಇಷ್ಟು: ಕೆಟ್ಟ ವರ್ಷದಲ್ಲಿ ಕೆಲಸ ಕೇಳುವವರು ಹೆಚ್ಚುತ್ತಾರೆ, ಅದೇ ವರ್ಷ ನಿಮ್ಮ ಜಿಎಸ್‌ಟಿ, ಮುದ್ರಾಂಕ ಶುಲ್ಕ ಎರಡೂ ಇಳಿದಿರುತ್ತವೆ, ಅದೇ ವರ್ಷ ಮೇಲಿನ ಖರ್ಚು ನೀವು ಹೊರಬೇಕು. ಆಗ ಸಹಜವಾಗಿ ಏನಾಗುತ್ತದೆ? ಅರ್ಜಿ ತೆಗೆದುಕೊಳ್ಳುವ ಕೈ ನಿಧಾನವಾಗುತ್ತದೆ. ಒರತೆ ಇದ್ದ ಬಾವಿಗೆ ಗಾರೆ ಬಳಿದು ತೊಟ್ಟಿ ಮಾಡಿದಂತಾಯಿತು. ಹೊರಗಿನಿಂದ ತಂದು ಸುರಿದಷ್ಟೇ ನೀರು.

ನಿಮ್ಮ ಕೈಯನ್ನು ಕಟ್ಟಿರುವ ಹಗ್ಗಗಳೂ ನನಗೆ ಗೊತ್ತು. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲಿ, ಕೇಂದ್ರಕ್ಕಿಂತ ಮೊದಲೇ, ಉಳಿದ ರಾಜ್ಯಗಳಿಗಿಂತಲೂ ಮೊದಲೇ ಮಾಡಿಕೊಂಡದ್ದು ಕರ್ನಾಟಕ. ಕೊರತೆ ರಾಜ್ಯದ ಉತ್ಪನ್ನದ ನೂರಕ್ಕೆ 3 ಮೀರಬಾರದು ಎಂಬುದು ಅದರ ಗೆರೆ. 2020ರಲ್ಲಿ ತಿದ್ದುಪಡಿ ತಂದು ಆ ವರ್ಷದ ಮಟ್ಟಿಗೆ 5ಕ್ಕೆ ಏರಿಸಬೇಕಾಯಿತು. ಸಾಲಕ್ಕೆ ಸಂವಿಧಾನದ 293ನೇ ವಿಧಿಯಂತೆ ಕೇಂದ್ರದ ಒಪ್ಪಿಗೆ ಬೇಕು. ನೋಟು ಮುದ್ರಿಸುವ ಯಂತ್ರವಂತೂ ನಿಮ್ಮಲ್ಲಿಲ್ಲ. ಆದ್ದರಿಂದ ದೇಶದ ವ್ಯಾಪಾರ ಚಕ್ರವನ್ನು ರಾಜ್ಯವೊಂದು ಹಿಡಿದು ನಿಲ್ಲಿಸಲಿ ಎಂದು ಕೇಳುವಷ್ಟು ತಿಳಿಗೇಡಿ ನಾನಲ್ಲ. ಆ ಗೆರೆಯೇ ಬೇಡ ಎನ್ನುವವಳೂ ಅಲ್ಲ. ಗೆರೆ ಇಲ್ಲದ ಉದ್ರಿ ಪುಸ್ತಕ ಎಷ್ಟು ಅಂಗಡಿಗಳನ್ನು ನುಂಗಿದೆ ಎಂಬುದನ್ನು ಚೌಕಿಪೇಟೆಯಲ್ಲಿ ಕೇಳಿದರೆ ಹೇಳುತ್ತಾರೆ.

ತೊಂದರೆ ಇರುವುದು ಪ್ರತಿ ವರ್ಷಕ್ಕೂ ಒಂದೇ ಗೆರೆ ಎಳೆದದ್ದರಲ್ಲಿ. ಕೇಂದ್ರ ತನ್ನ ಕಾಯ್ದೆಗೆ 2018ರಲ್ಲಿ ಮಾಡಿದ ತಿದ್ದುಪಡಿ ಓದಿ ನೋಡಿ, ಚೆನ್ನಾಗಿದೆ. ಒಂದು ತ್ರೈಮಾಸಿಕದ ಬೆಳವಣಿಗೆ ಹಿಂದಿನ ನಾಲ್ಕರ ಸರಾಸರಿಗಿಂತ ಮೂರು ಶೇಕಡಾ ಅಂಶ ಬಿದ್ದರೆ, ಅಥವಾ ಕೃಷಿ ಕುಸಿದು ರೈತರ ಆದಾಯಕ್ಕೆ ದೊಡ್ಡ ಪೆಟ್ಟು ಬಿದ್ದರೆ, ಕೊರತೆ ಜಿಡಿಪಿಯ ಅರ್ಧ ಅಂಶದಷ್ಟು ಗುರಿ ಮೀರಬಹುದು. ಅದೇ ರೀತಿ ಬೆಳವಣಿಗೆ ಮೂರು ಅಂಶ ಮೇಲೆ ಹೋದರೆ ಕೊರತೆಯನ್ನು ಕನಿಷ್ಠ ಕಾಲು ಅಂಶ ಇಳಿಸಲೇಬೇಕು. ಕೊಡುವುದೂ ಇದೆ, ವಸೂಲಿಯೂ ಇದೆ. ನಮ್ಮಪ್ಪನಿಗೆ ಇಷ್ಟವಾಗುತ್ತಿತ್ತು. ನಮ್ಮ ರಾಜ್ಯದ ಕಾಯ್ದೆಗೂ ಇಂಥ ಎರಡು ಮೊನೆಯ ನಿಯಮ ಬೇಕು. ಅದರಲ್ಲಿ ರೈತರ ಆದಾಯ ಎಂಬ ಮಾತು ಇರಲೇಬೇಕು.

ಏಕೆಂದರೆ ಸದ್ಯ ನಿಮ್ಮ ವ್ಯವಸ್ಥೆಗೆ ಕಾಣುವ ಕಷ್ಟ ಒಂದೇ, ಮಳೆಯದು. ಬರ ಘೋಷಣೆಗೆ 2016ರ ಕೈಪಿಡಿ ಇದೆ: ಮಳೆ ಕೊರತೆ, ಒಣಹವೆ, ಉಪಗ್ರಹ ತೋರಿಸುವ ಹಸಿರು, ಮಣ್ಣಿನ ತೇವ, ಆಮೇಲೆ ಹೊಲಕ್ಕೆ ಹೋಗಿ ನೋಡುವುದು. ಬೆಲೆ ಕುಸಿದ ವರ್ಷಕ್ಕೆ ಕೈಪಿಡಿಯಿಲ್ಲ. ಈ ಸಲ ಮಳೆಮಾಪಕ ನೋಡಿದರೆ ನಾವು ಸುಖಿಗಳು.

ಮಳೆಯ ಕಷ್ಟ ಕಂಡಾಗಲಾದರೂ ಹೊತ್ತಿಗೆ ಸರಿಯಾಗಿ ಆಗುತ್ತದೆಯೇ ಎಂದರೆ ಅದೂ ಇಲ್ಲ. 2023ರ ಆಗಸ್ಟಿನಲ್ಲಿ ಮೆಕ್ಕೆಜೋಳ ಕಾಳು ಕಟ್ಟುವ ಮೊದಲೇ ಒಣಗಿತು. ಸೆಪ್ಟೆಂಬರ್ ನಡುವೆ 195 ತಾಲ್ಲೂಕುಗಳಲ್ಲಿ ಬರ ಘೋಷಣೆಯಾಯಿತು, ಆಮೇಲೆ 223 ಆದವು. ರಾಜ್ಯ ಕೇಂದ್ರಕ್ಕೆ ಕೇಳಿದ್ದು 18,171 ಕೋಟಿ. ಹಣ ಬರಲಿಲ್ಲವೆಂದು ಸುಪ್ರೀಂ ಕೋರ್ಟಿಗೆ ಹೋದಿರಿ. ಕೊನೆಗೆ 3,454 ಕೋಟಿ ಬಂದದ್ದು 2024ರ ಏಪ್ರಿಲಿನಲ್ಲಿ. ಅಷ್ಟರಲ್ಲಿ ಎಂಟು ತಿಂಗಳು ಕಳೆದಿದ್ದವು, ಹಸು ಮಾರುವವರು ಮಾರಿಯಾಗಿತ್ತು, ಮುಂಗಾರು ಮೋಡ ಕಟ್ಟಲು ತಿಂಗಳಷ್ಟೇ ಉಳಿದಿತ್ತು. ಭದ್ರಾ ಕಾಲುವೆಯ ಕೊನೆ ಭಾಗದ ರೈತರಿಗೆ ಇದು ಹೊಸದೇನಲ್ಲ. ಸಸಿ ಒಣಗಿದ ಮೇಲೆ ಬಂದ ನೀರು ಅವರು ಎಷ್ಟೋ ಸಲ ನೋಡಿದ್ದಾರೆ.

ದೊಡ್ಡ ಕಾಮಗಾರಿಗಳು ಈ ಹೊತ್ತಿನ ಲೆಕ್ಕಕ್ಕೆ ಆಗಿಬರುವುದಿಲ್ಲ. ಭದ್ರಾ ಮೇಲ್ದಂಡೆಯನ್ನೇ ನೋಡಿ. 2023-24ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ಎಂದು ಘೋಷಣೆಯಾಯಿತು, ಚಿತ್ರದುರ್ಗದಲ್ಲಿ ಪಟಾಕಿ ಹೊಡೆದರು. ಆ ಹಣ ಬಂದಿಲ್ಲ ಎಂದು ನಿಮ್ಮ ಸರ್ಕಾರವೇ ವರ್ಷಗಳಿಂದ ದೂರುತ್ತಿದೆ. ಯೋಜನೆ ಬೇಕೇ ಬೇಕು, 2,25,515 ಹೆಕ್ಟೇರಿಗೆ ನೀರು ಎಂದರೆ ಬಯಲುಸೀಮೆಯ ಹಣೆಬರಹವೇ ಬದಲು. ಅದು ಇಪ್ಪತ್ತು ಮೂವತ್ತು ವರ್ಷಗಳ ಮಾತು. ನವೆಂಬರಿನಲ್ಲಿ ಬಿದ್ದ ವ್ಯಾಪಾರವನ್ನು ಜನವರಿಯಲ್ಲಿ ಎತ್ತಲು ಬೇಕಾದದ್ದು ಬೇರೆ: ಶಾಲೆಯ ಸೋರುವ ಮಾಳಿಗೆ, ಉಪಕಾಲುವೆಯ ಬಿರುಕು, ಕೆರೆ ಏರಿಯ ಜಾಲಿ, ಚರಂಡಿ, ಎಪಿಎಂಸಿಯ ಕಣ. ಅಂದಾಜುಪಟ್ಟಿ ಆಗಿ, ತಾಂತ್ರಿಕ ಮಂಜೂರಾತಿ ಆಗಿ, ಕಪಾಟಿನಲ್ಲಿ ಕಾಯುತ್ತಿರುವ ಸಣ್ಣ ಕೆಲಸಗಳು. ಪ್ರತಿ ತಾಲ್ಲೂಕಿಗೂ ಇಂಥ ಕಟ್ಟು ಸಿದ್ಧವಿರಬೇಕು. ವ್ಯಾಪಾರ ಬಿತ್ತು ಎಂದು ಗಂಟೆ ಬಾರಿಸಿದ ವಾರದಲ್ಲಿ ಕೆಲಸ ಶುರುವಾಗಬೇಕು.

ರಸ್ತೆ, ಕಟ್ಟಡದಂಥ ಬಂಡವಾಳ ವೆಚ್ಚದ ಒಂದು ರೂಪಾಯಿ ಆರ್ಥಿಕತೆಯಲ್ಲಿ 2.45 ರೂಪಾಯಿ ಹುಟ್ಟಿಸುತ್ತದೆ, ನೇರ ವರ್ಗಾವಣೆಯದು ಒಂದರ ಆಸುಪಾಸು ಎಂದು ದೆಹಲಿಯ ರಾಷ್ಟ್ರೀಯ ಸಾರ್ವಜನಿಕ ಹಣಕಾಸು ಮತ್ತು ನೀತಿ ಸಂಸ್ಥೆಯ 2013ರ ಅಧ್ಯಯನ ಹೇಳಿತ್ತು. ನಿಮ್ಮ ಅಧಿಕಾರಿಗಳು ಇದನ್ನು ಓದಿಯೇ ಇರುತ್ತಾರೆ. ನನ್ನದೊಂದು ತಕರಾರು. ಕಾಂಕ್ರೀಟ್ ರಸ್ತೆ ಮಾಡಿದರೆ ಸಿಮೆಂಟಿನ ರೊಕ್ಕ ಕಲಬುರಗಿ ಕಡೆಯ ಕಾರ್ಖಾನೆಗೆ, ಡೀಸೆಲಿನದು ತೈಲ ಕಂಪನಿಗೆ. ಊರಿನಲ್ಲಿ ಉಳಿಯುವುದು ಜಲ್ಲಿ, ಮರಳು, ಕೂಲಿ. ಕೆರೆ ಹೂಳನ್ನು ಜೆಸಿಬಿಯಲ್ಲಿ ಎತ್ತಿಸಿದರೂ ಅದೇ ಕಥೆ. ಬಿದ್ದ ವರ್ಷಕ್ಕೆಂದು ಕೆಲಸ ಆರಿಸುವಾಗ ರೂಪಾಯಿಯಲ್ಲಿ ಎಷ್ಟು ಪೈಸೆ ತಾಲ್ಲೂಕಿನ ಒಳಗೇ ಸುತ್ತುತ್ತದೆ ಎಂದು ನೋಡಬೇಕು. ಗೃಹಲಕ್ಷ್ಮಿಯ ಎರಡು ಸಾವಿರ ಬಂದ ವಾರ ಕಿರಾಣಿ ಅಂಗಡಿಗಳಲ್ಲಿ ಹಳೆ ಬಾಕಿ ತೀರುವುದನ್ನು ಕಂಡಿದ್ದೇನೆ, ಅದನ್ನು ಹೀಗಳೆಯುವವರ ಜೊತೆ ನಾನಿಲ್ಲ. ಆದರೆ ಅದು ಬರವಿರಲಿ ಸುಗ್ಗಿಯಿರಲಿ ಅಷ್ಟೇ. ನೆಲ ಗಟ್ಟಿಮಾಡುತ್ತದೆ, ಏರಿಳಿತ ತಗ್ಗಿಸುವುದಿಲ್ಲ. ಅದರಲ್ಲೂ ತಿಂಗಳುಗಟ್ಟಲೆ ತಡೆದು ಎರಡು ಮೂರು ಕಂತು ಒಟ್ಟಿಗೆ ಹಾಕಿದರೆ ಆ ನೆಲವೂ ಅಲುಗಾಡುತ್ತದೆ.

ಇನ್ನು ಗುತ್ತಿಗೆದಾರರ ಬಾಕಿ. ನನ್ನ ಗಿರಾಕಿಯೊಬ್ಬರು ಶಾಲಾ ಕಾಂಪೌಂಡ್ ಕಟ್ಟಿ ಮುಗಿಸಿ ಎರಡು ವರ್ಷವಾಯಿತು, ಇಲಾಖೆಯ ಹೆಸರು ಬೇಡ. ಬಿಲ್ ಆಗಿಲ್ಲ. ಅವರು ಸಿಮೆಂಟಿನವರಿಗೆ ಕೊಟ್ಟಿಲ್ಲ, ಸಿಮೆಂಟಿನವರು ಲಾರಿಯವರಿಗೆ ಕೊಟ್ಟಿಲ್ಲ, ಗಾರೆಯವರು ಮೇಸ್ತ್ರಿಯ ಮನೆ ಬಾಗಿಲಲ್ಲಿ ಕೂತಿದ್ದಾರೆ. ಸರಕಾರ ಹೀಗೆ ಬಿಲ್ ತಡೆದರೆ ಅದು ಕಡಿಮೆ ಖರ್ಚು ಮಾಡಿದಂತೆ ಲೆಕ್ಕದಲ್ಲಿ ಕಾಣುತ್ತದೆ, ಕೊರತೆಯೂ ಗೆರೆಯೊಳಗೆ ನಿಲ್ಲುತ್ತದೆ. ನಿಜದಲ್ಲಿ ಆಗಿರುವುದು ಇಷ್ಟು: ಬಡ್ಡಿಯಿಲ್ಲದ ಸಾಲವನ್ನು ಸರ್ಕಾರ ಮೇಸ್ತ್ರಿಯಿಂದ ಎತ್ತಿದೆ. ಕುಸಿತದ ವರ್ಷದಲ್ಲಿ ನೀವು ಮಾಡಬಹುದಾದ ಮೊದಲ ಉತ್ತೇಜನಕ್ಕೆ ಯೋಜನಾ ವರದಿಯೂ ಬೇಡ, ಟೆಂಡರೂ ಬೇಡ. ಕೊಡಬೇಕಾದ್ದನ್ನು ಕೊಡಿ.

ಗಂಟೆ ಯಾರು ಬಾರಿಸಬೇಕು ಎಂಬುದಕ್ಕೆ ಬರುತ್ತೇನೆ, ಈ ಪತ್ರ ಬರೆಯಲು ಕೂತದ್ದೇ ಅದಕ್ಕೆ. ಮಾಹಿತಿ ನಿಮ್ಮಲ್ಲೇ ಇದೆ. ವಾಣಿಜ್ಯ ತೆರಿಗೆ ಇಲಾಖೆಗೆ ಪ್ರತಿ ತಿಂಗಳು 20ರ ಹೊತ್ತಿಗೆ ಪ್ರತಿ ಊರಿನ ವಹಿವಾಟು ತಿಳಿಯುತ್ತದೆ. ವರ್ಷದ ವಹಿವಾಟು ಐದು ಕೋಟಿಯೊಳಗಿನವರಲ್ಲಿ ಹಲವರು ಮೂರು ತಿಂಗಳಿಗೊಮ್ಮೆ ಸಲ್ಲಿಸುತ್ತಾರೆ, ಆ ಕಿಂಡಿ ಮುಚ್ಚಲು 50,000 ರೂಪಾಯಿ ಮೀರಿದ ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ಲುಗಳಿವೆ. ಅವು ದಿನದಿನದ ಲೆಕ್ಕ. ಎಪಿಎಂಸಿಯ ಆವಕ ಮತ್ತು ಧಾರಣೆ ಪ್ರತಿ ಸಂಜೆ ಬರುತ್ತದೆ. ಒಂದು ಎಚ್ಚರ ಮಾತ್ರ: ತೆರಿಗೆಯ ಅಂಕಣ ನೋಡಿ ಮೋಸಹೋಗಬಾರದು, ದರ ಬದಲಾದರೆ ಅದು ಸುಮ್ಮನೆ ಇಳಿಯುತ್ತದೆ. ವಹಿವಾಟಿನ ಅಂಕಣ ನೋಡಬೇಕು. ಮೂರನ್ನೂ ತಾಲ್ಲೂಕುವಾರು ಕೂಡಿಸಿ, ಮೂರು ವರ್ಷದ ಅದೇ ತಿಂಗಳ ಸರಾಸರಿಗಿಂತ ಇಷ್ಟು ಬಿದ್ದರೆ ಆ ತಾಲ್ಲೂಕಿನ ಕಪಾಟು ತೆರೆಯಬೇಕು, ಬಾಕಿ ಬಿಲ್ ಮೊದಲು ಪಾವತಿಯಾಗಬೇಕು, ನಿಗದಿತ ವಿದ್ಯುತ್ ಶುಲ್ಕಕ್ಕೆ ಎರಡು ತಿಂಗಳು ರಿಯಾಯಿತಿ ಸಿಗಬೇಕು ಎಂದು ಬಜೆಟ್ಟಿನಲ್ಲೇ ಬರೆದಿಡಿ. ಶಾಸಕರ ಶಿಫಾರಸು ಬೇಡ, ಮಂತ್ರಿಮಂಡಲ ಸೇರುವುದೂ ಬೇಡ. ಎಷ್ಟು ಬಿದ್ದರೆ ಎಂಬ ಅಂಕಿಯನ್ನು ನಿಮ್ಮ ಇಲಾಖೆಯವರು ಹಳೆ ಲೆಕ್ಕ ಓಡಿಸಿ ಗೊತ್ತುಮಾಡಲಿ. ವಹಿವಾಟು ಸರಾಸರಿಗೆ ಮರಳಿದ ತಿಂಗಳು ಕಪಾಟು ತಾನೇ ಮುಚ್ಚಬೇಕು.

ಮುಚ್ಚುವ ಮಾತನ್ನು ಒತ್ತಿ ಹೇಳಲು ಕಾರಣವಿದೆ. 2008ರ ಜಾಗತಿಕ ಕುಸಿತದಲ್ಲಿ ಕೇಂದ್ರ ಬೇಗ ಎಚ್ಚೆತ್ತಿತು. ಡಿಸೆಂಬರಿನಲ್ಲಿ ಅಬಕಾರಿ ಸುಂಕ ನಾಲ್ಕು ಅಂಶ ಇಳಿಸಿತು, ಫೆಬ್ರುವರಿಯೊಳಗೆ ಮೂರು ಪ್ಯಾಕೇಜುಗಳು ಬಂದವು. ಕೊರತೆ ಜಿಡಿಪಿಯ ನೂರಕ್ಕೆ ಎರಡೂವರೆಯಿಂದ ಆರರ ಮೇಲಕ್ಕೆ ಹೋಯಿತು, ವ್ಯಾಪಾರ ಎದ್ದು ಕೂತಿತು. ಎದ್ದ ಮೇಲೆ ತೂಬು ಮುಚ್ಚುವುದಕ್ಕೆ ಯಾರಿಗೂ ಮನಸ್ಸು ಬರಲಿಲ್ಲ. ಮುಂದಿನ ಮೂರು ನಾಲ್ಕು ವರ್ಷ ಬೆಲೆಯೇರಿಕೆ ನೂರಕ್ಕೆ ಹತ್ತರ ಆಸುಪಾಸಿನಲ್ಲಿ ಓಡಿದ್ದು ನೆನಪಿರಬಹುದು. ಅದಕ್ಕೆ ತೈಲ, ಆಹಾರ ಎಂಬ ಬೇರೆ ಕಾರಣಗಳೂ ಇದ್ದವು. ಆದರೂ ಬಿಟ್ಟ ನೀರು ಗದ್ದೆಯಲ್ಲಿ ನಿಂತು ಕೊಳೆತದ್ದು ಸುಳ್ಳಲ್ಲ.

ಹಾಗಾದರೆ ಹಣ? ಅಡಿಕೆ ಧಾರಣೆ ಏರಿ ಚನ್ನಗಿರಿಯಲ್ಲಿ ಸೈಟುಗಳು ಕೈ ಬದಲಾಗುವ ವರ್ಷಗಳೂ ಇವೆ, ಆಗ ಮುದ್ರಾಂಕ ಶುಲ್ಕ ನಿಮ್ಮ ಅಂದಾಜು ಮೀರಿ ಬರುತ್ತದೆ. ಅಂದಾಜು ಮೀರಿದ್ದರಲ್ಲಿ ಒಂದು ಪಾಲನ್ನು ವರ್ಷದ ನಡುವೆ ತರುವ ಪೂರಕ ಅಂದಾಜಿನ ಖರ್ಚಿನಲ್ಲಿ ಕರಗಿಸದೆ ಬೇರೆ ನಿಧಿಗೆ ಹಾಕಿ. ಒಡಿಶಾ ಗಣಿ ಆದಾಯದಿಂದ ಇಂಥ ಬಜೆಟ್ ಸ್ಥಿರೀಕರಣ ನಿಧಿ ಮಾಡಿಕೊಂಡಿದೆ. ಚಿಲಿ ದೇಶ ತಾಮ್ರದ ಬೆಲೆ ಏರಿದ್ದಾಗ ಕೂಡಿಟ್ಟದ್ದನ್ನು 2009ರ ಕುಸಿತದಲ್ಲಿ ತೆಗೆದು ಬಳಸಿತು. "ನಿಧಿ ತುಂಬುವುದು ಯಾವಾಗ" ಎಂದು ಯಾರಾದರೂ ನಕ್ಕರೆ ಹಿರಿಯೂರಿನ ಮಾರಿಕಣಿವೆ ತೋರಿಸಿ. 1933ರಲ್ಲಿ ಕೋಡಿ ಬಿದ್ದ ಅಣೆಕಟ್ಟು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ನಡುವಿನ ವರ್ಷಗಳಲ್ಲಿ ಹಿರಿಯೂರಿನ ತೋಟಗಳು ಅದರ ನೀರನ್ನೇ ಕುಡಿದವು.

ಜನವರಿಯ ವಹಿವಾಟಿನ ಲೆಕ್ಕ ಫೆಬ್ರುವರಿ 20ಕ್ಕೆ ಮುಗಿಯುತ್ತದೆ. ನನ್ನಲ್ಲಿ ಲೆಕ್ಕ ಬರೆಸುವವರ ಒಪ್ಪಿಗೆ ಪಡೆದು, ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಅಳಿಸಿ, ಕಳೆದ ಮೂರು ವರ್ಷಗಳ ಮಾಸಿಕ ವಹಿವಾಟನ್ನು ಒಂದು ಹಾಳೆಯಲ್ಲಿ ಬರೆದು ನಿಮ್ಮ ಕಚೇರಿಗೆ ಕಳಿಸುತ್ತೇನೆ. ಬಜೆಟ್ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಯಾರಾದರೂ ಒಬ್ಬರು ಅದನ್ನು ತೆರೆದು ನೋಡಿದರೆ ಸಾಕು.

ಇತಿ,
ಮಂಡಿಪೇಟೆಯ ಒಬ್ಬ ತೆರಿಗೆ ಲೆಕ್ಕದವಳು,
ದಾವಣಗೆರೆ

ತಾ.ಕ.: ಅಪ್ಪ ಅಂಗಡಿ ಮುಚ್ಚಿದಾಗ ಉದ್ರಿ ಪುಸ್ತಕದಲ್ಲಿ ಅಡ್ಡಗೆರೆ ಬೀಳದೆ ಉಳಿದ ಹೆಸರು ಒಂದೇ. ಬರದ ವರ್ಷವೊಂದರಲ್ಲಿ ಕಾಮಗಾರಿಗೆಂದು ತಗಡು, ಮೊಳೆ, ಸಲಿಕೆ ಒಯ್ದ ಸರ್ಕಾರಿ ಕಚೇರಿಯದು. ಮೊತ್ತ ದೊಡ್ಡದಲ್ಲ. ರಸೀದಿ ಇನ್ನೂ ನನ್ನ ಬಳಿ ಇದೆ.